ಬಾಂದುಕಲ್ಲಿನ ಮೇಲೆ ಬಾಣ ಬರೆದ ವರ್ಷ

ಕನಕಪುರ ದಾಟಿ ದೊಡ್ಡಆಲಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಈಚೆಗೆ ಒಂದು ದೊಡ್ಡ ಜಾಹೀರಾತು ಫಲಕ ಎದ್ದಿದೆ. ಕೆರೆಯ ಪಕ್ಕದಲ್ಲಿ ಫಾರ್ಮ್ ಪ್ಲಾಟುಗಳು ಮಾರಾಟಕ್ಕಿವೆ ಎಂದು ಸಾರುವ ಫಲಕ. ಅದರ ತುಂಬ ಹಿಪ್ಪುನೇರಳೆ ತೋಟದ ಹಸಿರು, ಹಿಂದೆ ಬೋಳು ಬಂಡೆಯ ಬೆಟ್ಟ, ನಡುವೆ ಬೆನ್ನು ತೋರಿಸಿಕೊಂಡು ಹೋಗುತ್ತಿರುವ ಸೈಕಲ್ ಸವಾರರ ಸಾಲು. ನಮ್ಮ ಈ ವರ್ಷದ ಸೈಕಲ್ ಸವಾರಿಗೆ ಮುಂಚೆ ದಾರಿ ನೋಡಿಕೊಂಡು ಬರೋಣ ಎಂದು ಹೊರಟಿದ್ದ ನಾನು ಮತ್ತು ಜಬೀವುಲ್ಲಾ ಅದರ ಕೆಳಗೆ ನಿಂತೆವು. ಜಬೀವುಲ್ಲಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟುಕೊಂಡವರು. ನಾನು ಸವಾರಿಗೆ ಸೇರಿದ ವರ್ಷದಿಂದ ನನ್ನ ಸೈಕಲ್ಲಿನ ಚೈನು ಬಿದ್ದಾಗಲೆಲ್ಲ ಏರಿಸಿಕೊಟ್ಟವರೂ ಅವರೇ.

ಅವರು ಕತ್ತೆತ್ತಿ ಬಹಳ ಹೊತ್ತು ನೋಡಿ, "ಮೇಡಂ, ಕೊನೇಲಿರೋದು ನೀವಲ್ವಾ? ಕಿತ್ತಳೆ ಹೆಲ್ಮೆಟ್ಟು, ಎಡಕ್ಕೆ ವಾಲ್ಕೊಂಡು ತುಳಿಯೋದು. ನಿಮ್ಮ ಹಿಂದೆ ಇಷ್ಟು ವರ್ಷ ಬಂದಿದೀನಿ, ನನಗೆ ಗೊತ್ತಾಗಲ್ವಾ?" ಎಂದರು.

ನನ್ನ ಬೆನ್ನನ್ನು ನಾನು ಯಾವತ್ತೂ ಸರಿಯಾಗಿ ನೋಡಿದವಳಲ್ಲ. ಆದರೆ ಆ ತಿರುವು ಗೊತ್ತಿತ್ತು. ಚಿತ್ರದ ಬಲಗಡೆ ಅರ್ಧಕ್ಕೆ ಕತ್ತರಿಸಿದ್ದ ಹೆಂಚಿನ ಮನೆ, ಸವಾರಿಯವರಿಗೆ ಮಜ್ಜಿಗೆ ಕೊಡುತ್ತಿದ್ದ ಚಿಕ್ಕತಾಯಮ್ಮನದು. ತೆಗೆದದ್ದು ಮೂರು ವರ್ಷದ ಹಿಂದೆ ಇರಬೇಕು, ಏಕೆಂದರೆ ಎಲ್ಲರ ಮೈಮೇಲೂ ಆ ವರ್ಷ ಕೊಟ್ಟ ಹಸಿರು ಟೀ ಶರ್ಟು ಇತ್ತು.

ಆ ವರ್ಷವನ್ನು ಬರೆಯಲು ಕೂತರೆ ನನಗೆ ನನ್ನ ಮೇಲೇ ಗುಮಾನಿ. ಚನ್ನಪಟ್ಟಣದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು ನಾನು. ಆಮೇಲೆ ತಿಳಿದದ್ದನ್ನು ಆಗಲೇ ತಿಳಿದಿತ್ತು ಎಂದು ಸೇರಿಸಿಕೊಳ್ಳುವುದು ಮನಸ್ಸಿನ ಹಳೆಯ ಚಾಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ಮಂಜು ಜಾಸ್ತಿ, ಅವರೆಕಾಳು ಉಪ್ಪಿಟ್ಟು ಚೆನ್ನಾಗಿತ್ತು, ದಾರಿಯಲ್ಲಿ ಸ್ವಲ್ಪ ಮಾತುಕತೆ. ಆ ಸಂಜೆ 'ಮಾತುಕತೆ' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದವಳನ್ನು ಈಗ ನಾನು ಪೂರ್ತಿ ನಂಬುವುದಿಲ್ಲ. ಈಗ ಬರೆಯುತ್ತಿರುವವಳನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಿಲ್ಲ.

ನಮ್ಮ ಸವಾರಿ ದೊಡ್ಡ ಸಂಗತಿಯೇನಲ್ಲ. ಅವರೆಕಾಯಿ ಸೊಗಡು ಹಿಡಿಯುವ ಕಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಕನಕಪುರದಿಂದ ಹೊರಟು, ಹೊಲಗಳ ನಡುವೆ ಸುತ್ತಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ಸಾಗುವುದು. ಚನ್ನಪಟ್ಟಣದಿಂದ ಬೊಂಬೆಗೆ ಅರಗು ಹಾಕಿ ಹೊಳಪು ಕೊಡುವವರು, ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಬದಲಾಯಿಸಿಕೊಂಡವರು, ಮಾಗಡಿಯಿಂದ ಟೆಂಪೋದ ಮೇಲೆ ಸೈಕಲ್ ಕಟ್ಟಿಕೊಂಡು ಬರುವ ಹುಡುಗರು. ದುಬಾರಿ ಗೇರ್ ಸೈಕಲ್ಲಿನ ಪಕ್ಕದಲ್ಲೇ ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆಯಿರುವ ಸೈಕಲ್ಲೂ ಹೊರಡುತ್ತದೆ. ಇದನ್ನು ಶುರುಮಾಡಿದವರು ಕೆಂಪರಾಜು ಮೇಷ್ಟ್ರು, ನಿವೃತ್ತ ಡ್ರಿಲ್ ಮಾಸ್ತರು. ಯಾರೂ ಮೊದಲು ಬರಬಾರದು ಎಂಬುದು ಅವರ ಒಂದೇ ನಿಯಮ. ಮುಂದೆ ಹೋದವರನ್ನು ಸೀಟಿ ಊದಿ ನಿಲ್ಲಿಸುತ್ತಿದ್ದರು.

ಆ ವರ್ಷ ಎರಡು ಹೊಸತು ಇದ್ದವು. ಒಂದು, ಹಸಿರು ಟೀ ಶರ್ಟು. ಯಾರು ಕೊಡಿಸಿದ್ದು ಎಂದು ಕೇಳಿದ್ದಕ್ಕೆ ಮೇಷ್ಟ್ರು, ಯಾರೋ ಹಳೇ ಶಿಷ್ಯನ ಸ್ನೇಹಿತರು, ಹೆಸರು ಹಾಕಿಸಬೇಡಿ ಅಂದಿದ್ದಾರೆ ಎಂದರು. ದಾನ ಮಾಡಿ ಹೆಸರು ಬೇಡ ಎನ್ನುವವರು ನಮ್ಮ ಕಡೆ ಅಪರೂಪ. ಆಗ ನನಗೆ ಅದು ಹಾಗೆ ಹೊಳೆದಿತ್ತೋ, ಈಗ ಹೊಳೆಯುತ್ತಿದೆಯೋ ಹೇಳಲಾರೆ. ಎರಡನೆಯದು, ದಾರಿ. ಪ್ರತಿವರ್ಷ ಚಿಕ್ಕತಾಯಮ್ಮನ ಊರಿನಲ್ಲಿ ಮಜ್ಜಿಗೆ ಕುಡಿದು ಹಿಂದಕ್ಕೆ ತಿರುಗುತ್ತಿದ್ದವರು ಆ ಸಲ ಅಲ್ಲಿಂದ ಮುಂದೆ, ಕೆರೆಯ ತನಕ ಮಣ್ಣುದಾರಿಯಲ್ಲಿ ಹೋಗುವುದೆಂದು ಗೊತ್ತಾಗಿತ್ತು. ಉಯ್ಯಂಬಳ್ಳಿ ಕಡೆಗಿನ ಒಳದಾರಿಯ ಊರು ಅದು. ಹೆಸರು ಬರೆಯುವುದಿಲ್ಲ.

ಬೆಳಗಿನ ಮಂಜು ದೊಡ್ಡಆಲಹಳ್ಳಿ ಬರುವ ತನಕ ಬಿಡಲಿಲ್ಲ. ಮುಂದಿನವರ ಸೈಕಲ್ಲು ಕಾಣದೆ ಅವರ ಕೆಮ್ಮಿನ ಸದ್ದು ಹಿಡಿದುಕೊಂಡು ಹೋದೆವು. ಬಿಸಿಲು ಬಿದ್ದ ಮೇಲೆ ಕೊಯ್ದ ರಾಗಿ ಹೊಲಗಳು, ಮೆದೆಗಳು, ಬೇಲಿಗೆ ಹಬ್ಬಿದ ಅವರೆ ಕಾಣಿಸತೊಡಗಿದವು. ಊರುಗಳ ಮುಂದೆ ಟಾರು ರಸ್ತೆಗೇ ಹುರುಳಿ ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರ ಹತ್ತಿ ಅದರ ಕಾಳು ಉದುರಬೇಕು. ಸೈಕಲ್ಲಿನ ಚಕ್ರಕ್ಕೆ ಆ ತೂಕವಿಲ್ಲ, ಜಾರುತ್ತದೆ ಅಷ್ಟೆ. ಒಬ್ಬ ಮುದುಕ ನಮ್ಮ ಸಾಲು ನೋಡಿ, ಇಷ್ಟು ಜನ ಬಂದು ಒಂದು ಸೇರು ಹುರುಳಿಗೂ ಆಗಲಿಲ್ಲವಲ್ಲ ಎಂದು ಬೈದ. ಜಬೀವುಲ್ಲಾ ಅದನ್ನು ನೆನೆಸಿಕೊಂಡು ಒಂದು ಮೈಲಿ ನಕ್ಕರು.

ಚಿಕ್ಕತಾಯಮ್ಮನ ಮನೆಯ ಪಕ್ಕದಲ್ಲೇ ಅವಳ ಹುಳದ ಮನೆ, ಅಂದರೆ ರೇಷ್ಮೆ ಹುಳ ಸಾಕುವ ಉದ್ದನೆಯ ಕೊಠಡಿ. ಹುಳ ಇರುವ ಮನೆಯ ಹತ್ತಿರಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಸೆಂಟು, ಹೊಗೆಸೊಪ್ಪು, ಸೊಳ್ಳೆ ಔಷಧ ಯಾವುದರ ವಾಸನೆಯೂ ಅದಕ್ಕಾಗದು. ನಾವು ರಸ್ತೆಯ ಆಚೆ ಬದಿಗೇ ನಿಲ್ಲಬೇಕು, ಮಂಡಿಗೆ ನೋವಿನ ಸ್ಪ್ರೇ ಹೊಡೆದುಕೊಂಡವರು ಇನ್ನೂ ದೂರ. ಅವಳು ಪ್ರತಿಯೊಬ್ಬರನ್ನೂ ಮೂಸುವವಳ ಹಾಗೆ ನೋಡಿ ಆಮೇಲೆ ಲೋಟ ಕೊಡುತ್ತಿದ್ದಳು. ಮಜ್ಜಿಗೆ ಕೊಡಿ ಎಂದು ನಾವೇನೂ ಕೇಳಿದ್ದಲ್ಲ. ಮೊದಲ ವರ್ಷ ಬಿಸಿಲಲ್ಲಿ ಕೂತಿದ್ದವರನ್ನು ಕಂಡು ಕೊಟ್ಟಳಂತೆ, ಹಾಗೇ ನಡೆದು ಬಂತು. ಊರಿನವರು ಇವರ್ಯಾರು ಎಂದಾಗ, "ನಮ್ಮೋರೇ ಕಣ್ರೋ" ಎನ್ನುವುದೂ ಹಾಗೇ ನಡೆದು ಬಂತು.

ಆ ಸಲ ಮಜ್ಜಿಗೆ ಇರಲಿಲ್ಲ. ಮನೆಗಿಂತ ಸ್ವಲ್ಪ ಈಚೆಗೆ, ಮಾರಮ್ಮನ ಗುಡಿಯ ಮುಂದೆ, ರಸ್ತೆಗೆ ಅಡ್ಡ ಟ್ರಾಕ್ಟರ್ ನಿಲ್ಲಿಸಿದ್ದರು. ಊರಿನ ಗಂಡಸರು ಅದರ ಸುತ್ತ ಇದ್ದರು. ಮುಂದೆ ನಿಂತವನು ಪುಟ್ಟಸ್ವಾಮಿ, ಚಿಕ್ಕತಾಯಮ್ಮನ ಮೈದುನ.

ನಡೆದದ್ದು ಇಷ್ಟು. ಹೊಸ ದಾರಿ ತಪ್ಪಬಾರದೆಂದು ಮೇಷ್ಟ್ರ ಹಳೇ ಶಿಷ್ಯರು ಹಿಂದಿನ ದಿನ ಬಂದು ಬಿಳಿ ಬಣ್ಣದಲ್ಲಿ ಬಾಣ ಬರೆದು ಹೋಗಿದ್ದರು. ಮಣ್ಣುದಾರಿಯಲ್ಲಿ ಬರೆಯಲು ಕಲ್ಲು ಬೇಕಲ್ಲ, ಕಣ್ಣಿಗೆ ಬಿದ್ದ ನೆಟ್ಟಗಿನ ಕಲ್ಲುಗಳ ಮೇಲೆ ಬರೆದಿದ್ದರು. ಪ್ರತಿ ಬಾಣದ ಕೆಳಗೆ ಇನ್ನೆಷ್ಟು ಕಿಲೋಮೀಟರ್ ಉಳಿದಿದೆ ಎಂಬ ಅಂಕಿ. ಆ ಕಲ್ಲುಗಳು ಹೊಲಹೊಲದ ಗಡಿಗೆ ನೆಟ್ಟ ಬಾಂದುಕಲ್ಲುಗಳಾಗಿದ್ದವು. ಬೆಳಿಗ್ಗೆ ನೀರು ಕಟ್ಟಲು ಹೋದವರು ತಮ್ಮ ಜಮೀನಿನ ಗಡಿಯ ಮೇಲೆ ಬಾಣ ಮತ್ತು ನಂಬರು ಕಂಡರೆ ಏನೆಂದುಕೊಳ್ಳಬೇಕು? ಬಿಡದಿ ಕಡೆ ಕಲ್ಲಿಗೆ ಬಣ್ಣ ಬಂದ ಮೇಲೆ ಸರ್ವೆ, ನೋಟಿಸು, ಬೇಲಿ ಹೇಗೆ ಒಂದರ ಹಿಂದೊಂದು ಬಂದವು ಎಂಬುದನ್ನು ಈ ಸೀಮೆಯಲ್ಲಿ ತಿಳಿಯದವರಿಲ್ಲ.

ಮೇಷ್ಟ್ರು ವಿವರಿಸಿದರು. ಬಾಣ, ದಾರಿ, ಕಿಲೋಮೀಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ಮೊಬೈಲಿನಲ್ಲೂ ನಕ್ಷೆ ಯಾಕೆ ಓಡುತ್ತಿದೆ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಯಾರು ಕೊಡಿಸಿದರು, ಹಿಂದೆಂದೂ ಇಲ್ಲದ್ದು ಈ ಸಲ ಕೆರೆ ತನಕ ಏನು ಕೆಲಸ ಎಂದು ಕೇಳಿದರು. ಒಂದೊಂದೂ ಸರಿಯಾದ ಪ್ರಶ್ನೆಯೇ. ನಾವು ಯಾರೂ ಕೇಳಿಕೊಂಡಿರದ ಪ್ರಶ್ನೆಗಳು.

ಪುಟ್ಟಸ್ವಾಮಿ ಗುಡಿಯ ಕಟ್ಟೆಯ ಮೇಲೆ ಕರ್ಪೂರ ಹಚ್ಚಿಸಿದ. ಉರಿಯುವ ಕರ್ಪೂರವನ್ನು ಅಂಗೈಯಿಂದ ತಟ್ಟಿ ಆರಿಸಿ ಆಣೆ ಮಾಡುವುದು ಅಲ್ಲಿನ ಪದ್ಧತಿ. ಸುಳ್ಳಾಡಿದವನ ಮನೆ ಏಳಿಗೆಯಾಗದು ಎಂಬ ನಂಬಿಕೆ.

"ನಿಮ್ಮಿಂದ ನಮ್ಮೂರ ಜಮೀನಿಗೆ ಏನೂ ಆಗಾಕಿಲ್ಲ ಅಂತ ಇದನ್ನ ಆರಿಸಿ ಮೇಷ್ಟ್ರೇ. ಟ್ರಾಕ್ಟ್ರು ತೆಗೀತೀವಿ."

ಮೇಷ್ಟ್ರು ಕೈ ಚಾಚಲಿಲ್ಲ. ಇದೇ ನನ್ನ ಡೈರಿಯಲ್ಲಿ ಇಲ್ಲದ ಭಾಗ. ಅವರು ಕರ್ಪೂರವನ್ನೇ ನೋಡುತ್ತಾ ನಿಂತರು, ಒಂದು ಕೈ ಸೀಟಿಯ ದಾರದ ಮೇಲಿತ್ತು. ಎಷ್ಟು ಹೊತ್ತು ಎಂದರೆ ಹೇಳಲಾರೆ. ನನ್ನ ನೆನಪಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಉತ್ತರ ಸುಲಭವಿತ್ತು, ನಾವು ಸೈಕಲ್ಲು ತುಳಿಯಲು ಬಂದವರು. ಅವರು ಯಾಕೆ ಕೈ ಚಾಚಲಿಲ್ಲ ಎಂದು ಊರಿನವರ ಜೊತೆಗೆ ನಾನೂ ಯೋಚಿಸಿದೆ. ಟೀ ಶರ್ಟಿನ ಕುತ್ತಿಗೆ ಬಿಗಿಯಾದಂತೆ ಅನಿಸಿತು ಎಂದು ಬರೆಯಬಹುದು, ಆದರೆ ಅದನ್ನು ನಾನು ಈಗ ಹೆಣೆಯುತ್ತಿರಬಹುದು.

ಆಗ ಚಿಕ್ಕತಾಯಮ್ಮ ಬಂದಳು. ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಸೆರಗಿನಲ್ಲಿ ಎಲೆಯ ಚೂರುಗಳಿದ್ದವು.

"ಮನೆ ಬಾಗ್ಲಿಗೆ ಬಂದೋರ ಕೈಲಿ ಕರ್ಪೂರ ಆರಿಸ್ತೀಯೇನ್ಲಾ?" ಎಂದು ಮೈದುನನನ್ನು ಕೇಳಿದಳು.

"ನಿನಗೇನು ಗೊತ್ತತ್ತಿಗೆ? ಇವ್ರು ಯಾರು, ಯಾವ ಊರ್ನೋರು, ಹೇಳು ನೋಡಾನ."

"ವರ್ಸ ವರ್ಸ ನನ್ನ ಕೈಲಿ ಮಜ್ಜಿಗೆ ಇಸ್ಕಂಡು ಕುಡಿದವ್ರೆ. ಅಷ್ಟು ಸಾಕು ನಂಗೆ."

ಹೇಳಿ ಅಂಗೈಯಿಂದ ಕರ್ಪೂರ ತಟ್ಟಿಬಿಟ್ಟಳು. ಇವರಿಂದ ಊರಿಗೆ ಕೆಡುಕಾಗುವುದಿಲ್ಲ, ಹಾಗೇನಾದರೂ ಆದರೆ ಅದು ನನ್ನ ಮನೆಗೇ ಆಗಲಿ ಎಂದಳು. ಟ್ರಾಕ್ಟರ್ ಹಿಂದಕ್ಕೆ ಹೋಯಿತು. ನಾವು ತಲೆ ತಗ್ಗಿಸಿಕೊಂಡು ಸೈಕಲ್ ಹತ್ತಿದೆವು. ಕೆರೆಯ ದಂಡೆಯಲ್ಲಿ ಅವರೆಕಾಳು ಉಪ್ಪಿಟ್ಟು ತಿಂದೆವು, ಫೋಟೊ ತೆಗೆದುಕೊಂಡೆವು. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಡೈರಿಯಲ್ಲಿದೆ. ಇರಬಹುದು.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಕೆರೆಯ ಆಚೆಗಿನ ಜಮೀನಿಗೆ ತಂತಿಬೇಲಿ ಬಂತು, ಕಮಾನು ಬಂತು. ಮಾರಿದವರಲ್ಲಿ ಪುಟ್ಟಸ್ವಾಮಿಯೂ ಒಬ್ಬ. ಅವನ ಮಾವಿನ ತೋಪೇ ಮೊದಲು ಹೋಯಿತಂತೆ. ಹಾಗಾದರೆ ಗುಡಿಯ ಮುಂದಿನ ಅವನ ಸಿಟ್ಟು ನಿಜವಾದ ಸಿಟ್ಟೋ ಅಥವಾ ಕೊಳ್ಳಲು ಬಂದವರಿಗೆ ಕೇಳಿಸಲಿ ಎಂದು ಮಾಡಿದ್ದೋ? ಜಬೀವುಲ್ಲಾ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹತ್ತಾರು ಊರಿನ ರೈತರ ಜೊತೆ ಮಾತಾಡುವವರು. ತಾನು ಮಾರೋಕೆ ಮುಂಚೆ ಊರೇ ಮಾರಲ್ಲ ಅಂತ ಗಲಾಟೆ ಎಬ್ಬಿಸಿದರೆ ರೇಟು ಏರುತ್ತೆ ಎಂದರು. ಅದೂ ಅವರ ಊಹೆಯೇ. ಒಮ್ಮೆ ಗುಮಾನಿ ಶುರುವಾದರೆ ಎಲ್ಲದಕ್ಕೂ ಕೈಕಾಲು ಬರುತ್ತದೆ.

ಅವತ್ತು ಯಾಕೆ ಕರ್ಪೂರ ಆರಿಸಲಿಲ್ಲ ಎಂದು ಮೇಷ್ಟ್ರ ಮನೆಗೂ ಹೋಗಿ ಕೇಳಿದ್ದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ದಾರಿಯ ನಕ್ಷೆಯನ್ನು ಕೇಳಿದವರಿಗೆಲ್ಲ ಮೊಬೈಲಿನಲ್ಲಿ ಕಳಿಸಿದ್ದರಂತೆ, ಟೀ ಶರ್ಟು ಕೊಡಿಸಿದವರೂ ಕೇಳಿದ್ದರಂತೆ. ಕೆರೆ ತನಕ ಹೋಗಿ, ಚೆನ್ನಾಗಿರುತ್ತೆ ಎಂದವರು ಅವರೋ ಬೇರೆ ಯಾರೋ ಎಂಬುದು ಮಾತ್ರ ಜ್ಞಾಪಕವಿಲ್ಲ ಎಂದರು. "ಜ್ಞಾಪಕ ಇಲ್ಲದ್ದರ ಮೇಲೆ ಆಣೆ ಹೇಗಮ್ಮ ಇಡೋದು? ನಾನು ಮೇಷ್ಟ್ರು ಆಗಿದ್ದೋನು." ಅಷ್ಟು ಪ್ರಾಮಾಣಿಕ ಮಾತನ್ನು ನಾನು ಈಚೆಗೆ ಕೇಳಿಲ್ಲ. ಆದರೆ ಅದೇ ಪ್ರಾಮಾಣಿಕತೆ ಸುಮ್ಮನೆ ನಿಂತದ್ದರಿಂದಲೇ ಇನ್ನೊಬ್ಬಳು ಕೈ ಚಾಚಬೇಕಾಯಿತು. ಅಲ್ಲದೆ ಅದು ಅವತ್ತು ಹೊಳೆದ ಕಾರಣವೋ, ಆಮೇಲೆ ಹುಡುಕಿಕೊಂಡ ಕಾರಣವೋ? ಜಮೀನು ಕೊಳ್ಳುವವರಿಗೆ ಸೈಕಲ್ಲಿನವರ ನಕ್ಷೆ ಯಾಕೆ ಬೇಕು ಎಂದೂ ಅನಿಸುತ್ತದೆ. ಈ ಹಗ್ಗವನ್ನು ಯಾವ ತುದಿಯಿಂದ ಎಳೆದರೂ ಇನ್ನೊಂದು ತುದಿ ಕೈಗೆ ಸಿಗುವುದಿಲ್ಲ.

ಊರಿಗೆ ಅದೆಲ್ಲ ಬೇಕಿರಲಿಲ್ಲ. ಮಾರಿದವರು ಬಲವಿದ್ದವರು, ಅವರನ್ನು ಯಾರೂ ಅನ್ನಲಿಲ್ಲ. ದೂರಲು ಆಣೆ ಮಾಡಿದವಳು ಒಬ್ಬಳೇ ಇದ್ದಳು.

ಫಲಕ ನೋಡಿದ ದಿನ ನಾನೂ ಜಬೀವುಲ್ಲಾ ಚಿಕ್ಕತಾಯಮ್ಮನ ಮನೆಗೆ ಹೋದೆವು. ಬೇಲಿ ಬಂದ ಮೇಲಿನ ಸವಾರಿಗಳು ಮಾಗಡಿ ಕಡೆ ನಡೆದಿದ್ದರಿಂದ ಅವಳನ್ನು ನೋಡಿ ಮೂರು ವರ್ಷವಾಗಿತ್ತು. ಹುಳದ ಮನೆಯ ಬಾಗಿಲು ತೆರೆದಿತ್ತು. ಅವಳೂ ಅವಳ ಮಗಳು ಸುಧಾಳೂ ಬಗ್ಗಿ, ಹಣ್ಣಾದ ಹುಳ ಆಯುತ್ತಿದ್ದರು. ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸುವ ಹುಳಗಳನ್ನು ಆರಿಸಿ, ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ಎಲ್ಲ ಒಟ್ಟಿಗೆ ಹಣ್ಣಾಗುವುದರಿಂದ ಆ ಒಂದು ದಿನ ಎಷ್ಟು ಕೈ ಇದ್ದರೂ ಸಾಲದು. ತಡವಾದರೆ ಹುಳ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಅದಕ್ಕೇ ಊರಿನಲ್ಲಿ ಮುಯ್ಯಾಳು ಇರುವುದು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅವತ್ತು ಅವಳ ಮನೆಯಲ್ಲಿ ಮುಯ್ಯಿಗೆ ಬಂದವರು ಒಬ್ಬರೂ ಇರಲಿಲ್ಲ.

ನಾವು ಹೊರಗೇ ನಿಂತೆವು. ಅವಳು ತಲೆ ಎತ್ತಿ ನೋಡಿದಳು. ಬೇರೆ ದಿನವಾಗಿದ್ದರೆ ಕರೆಯುತ್ತಿರಲಿಲ್ಲ ಎನಿಸುತ್ತದೆ.

"ಸೋಪ್ ಹಾಕಿ ಕೈ ತೊಳ್ಕಂಡು ಬನ್ನಿ. ಸೆಂಟು ಗಿಂಟು ಇಲ್ಲ ತಾನೆ? ಜಬೀ ಸಾಬ್ರೇ, ಬೀಡಿ?"

ಬಿಟ್ಟು ವರ್ಷವಾಯಿತು ಎಂದು ಜಬೀವುಲ್ಲಾ ಹೇಳಿದರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದಿ ಒಳಗೆ ಹೋದೆವು. ಹುಳ ತಣ್ಣಗೆ, ಮೆತ್ತಗೆ, ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಜಬೀವುಲ್ಲಾ ಬಹಳ ನಾಜೂಕಾಗಿ ಎತ್ತುತ್ತಿದ್ದುದನ್ನು ನೋಡಿ ಅವಳು, "ಬುಡಿ ಸಾಬ್ರೇ, ಸಾಕೋದು ನಾವು, ಕೊನೇಗೆ ಬೇಯ್ಸೋರು ನೀವೇ ಅಲ್ವಾ," ಎಂದಳು. ಸುಧಾ ನಕ್ಕಳು. ಆ ಮನೆಯಲ್ಲಿ ಅವತ್ತು ಕೇಳಿದ ನಗು ಅದೊಂದೇ.

ಮಧ್ಯಾಹ್ನ ಕಳೆಯುತ್ತಾ ಅವಳು ಕೈ ನಿಲ್ಲಿಸದೆ ಕೇಳಿದಳು: "ಮೇಡಮ್ಮೋರೆ, ನೀವು ಓದಿದೋರು. ನಾನು ಅವತ್ತು ಆಣೆ ಮಾಡಿದ್ದು ದಿಟವಾ, ಸುಳ್ಳಾ?"

ನನ್ನ ಬಳಿ ಇದ್ದದ್ದು ಮೇಷ್ಟ್ರ ಮರೆವು, ಜಬೀವುಲ್ಲಾರ ಊಹೆ, ಫಲಕದ ಮೇಲೆ ನನ್ನದಿರಬಹುದಾದ ಒಂದು ಬೆನ್ನು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಮಾತು ದಿಟ ಎಂದುಬಿಟ್ಟರೆ ನಾನೂ ಕರ್ಪೂರ ತಟ್ಟಿದಂತೆ, ಅದೂ ಬೆಂಕಿಯಿಲ್ಲದೆ.

"ಗೊತ್ತಿಲ್ಲ ಚಿಕ್ಕತಾಯಮ್ಮ. ಕೇಳಿ ನೋಡಿದೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ," ಎಂದೆ.

ಅವಳು ನಾಲ್ಕಾರು ಹುಳ ಆಯ್ದು ಚಂದ್ರಿಕೆಗೆ ಬಿಟ್ಟಳು. "ಆ ಮಾತ ಅವತ್ತೇ ಯಾರಾರ ಒಬ್ರು ಅಂದಿದ್ರೆ ಆಗ್ತಿತ್ತು. ಗೊತ್ತಿಲ್ಲ ಅಂದ್ರೆ ಅದ್ಕೂ ಒಂದು ಮರ್ವಾದೆ ಐತೆ."

ಸಂಜೆಗೆ ಅವಳ ಗಂಡ ಬೇರೆ ಊರಿನಿಂದ ಕೂಲಿಯವರನ್ನು ಕರೆತಂದ ಮೇಲೆ ನಾವು ಎದ್ದೆವು. ಮುಂದಿನ ಬೆಳೆಗೂ ಹೇಳಿ ಕಳಿಸಿ, ಬರುತ್ತೇವೆ ಎಂದೆ. ಮನಸಾರೆ ಹೇಳಿದೆನೋ, ಹಗುರಾಗಲು ಹೇಳಿದೆನೋ ಅವಳಿಗೆ ತಿಳಿದಂತಿತ್ತು.

"ಮುಯ್ಯಿ ಅಂದ್ರೆ ತೀರಿಸ್ಬೇಕು ಮೇಡಮ್ಮೋರೆ. ನಿಮ್ಮನೇಲಿ ನನಗೇನು ಕೆಲ್ಸ ಐತೆ?" ಎನ್ನುತ್ತಾ ಇಬ್ಬರಿಗೂ ಒಂದೊಂದು ಚೀಲ ಅವರೆಕಾಯಿ ತಂದುಕೊಟ್ಟಳು. ಬೇಡ ಎಂದರೂ ಹ್ಯಾಂಡಲ್ಲಿಗೆ ತಾನೇ ಸಿಕ್ಕಿಸಿದಳು. ಆಮೇಲೆ ಸ್ವರ ತಗ್ಗಿಸಿ ಹೇಳಿದಳು: "ಸವಾರಿ ಮಾಡಿ, ರಸ್ತೆ ಎಲ್ರದೂವೆ. ನಮ್ಮನೆ ತಾವ ಮಾತ್ರ ನಿಲ್ಲಬ್ಯಾಡಿ. ಮೊನ್ನೆ ಪಕ್ಕದ ಮನೆ ಹೆಂಗಸು ಒಸಿ ಮಾತಾಡ್ಸವ್ಳೆ. ನೀವು ನಿಂತ್ರೆ ಅವ್ಳು ಮುಯ್ಯಿಗೆ ಬರಾಕಿಲ್ಲ."

ಸವಾರಿ ಕಳೆದ ಭಾನುವಾರ ನಡೆಯಿತು. ಬಾಣ ಬರೆಯಲಿಲ್ಲ, ತಿರುವುಗಳಲ್ಲಿ ಮನುಷ್ಯರನ್ನೇ ನಿಲ್ಲಿಸಿದ್ದೆವು. ಆ ಊರಿಗೆ ಬರುವ ಮುಂಚೆಯೇ ಒಂದು ಹುಣಸೆ ಮರದ ಕೆಳಗೆ ಎಲ್ಲರಿಗೂ ನೀರು ಕುಡಿಸಿದೆ. ಅವಳ ಮನೆ ಬಂದಾಗ ಅಂಗಳದಲ್ಲಿ ಚಂದ್ರಿಕೆಗಳನ್ನು ಒರಗಿಸಿದ್ದರು. ಸುಧಾಳ ಜೊತೆ ಇನ್ನೊಬ್ಬ ಹೆಂಗಸು ಕೂತು ಗೂಡು ಬಿಡಿಸುತ್ತಿದ್ದಳು. ಮಗಳ ಗೆಳತಿಯೋ, ಪಕ್ಕದ ಮನೆಯವಳೋ, ತಿರುಗಿ ನೋಡಲಿಲ್ಲವಾದ್ದರಿಂದ ಗೊತ್ತಿಲ್ಲ. ಚಿಕ್ಕತಾಯಮ್ಮ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು.

ಬಿಡದಿಯಿಂದ ಬರುವ ಹಳಬನೊಬ್ಬ ನನ್ನ ಪಕ್ಕಕ್ಕೆ ಸೈಕಲ್ ತಂದು, "ಮೇಡಂ, ಇದೇ ಮನೆ ಅಲ್ವಾ? ಒಬ್ಬರು ಅಮ್ಮ ಮಜ್ಜಿಗೆ ಕೊಡ್ತಿದ್ರು," ಎಂದು ಬ್ರೇಕಿಗೆ ಕೈ ಹಾಕಿದ.

ಇಲ್ಲ, ನಿಮಗೆ ತಪ್ಪು ನೆನಪು, ಅದು ಬೇರೆ ಊರು ಎಂದೆ.

ಅವನು ಒಂದು ಸಲ ಆ ಮನೆಯ ಕಡೆ ನೋಡಿ, ಇರಬಹುದು ಎಂದು ಪೆಡಲು ತುಳಿದ.